ಹಿಡಿಸೂಡಿ ಮುಟ್ಟಬಾರದ ಅತಿಥಿ

"ಹಿಡಿಸೂಡಿ ಕೆಳಗೆ ಹಾಕಿ ಮಾರಾಯ್ರೆ!" ಅಪೊಲೋನಿಯಾ ಅಂಗಳಕ್ಕೆ ಓಡಿಬಂದು ಗುಡಿಸಲು ಹೊರಟಿದ್ದ ಅತಿಥಿಯ ಕೈಯಿಂದ ಪೊರಕೆ ಕಿತ್ತುಕೊಂಡಳು.

ಅತಿಥಿ ವಂಬುಯಿ ಹಿಂದಿನ ಸಂಜೆಯಷ್ಟೇ ಕಲ್ಯಾಣಪುರಕ್ಕೆ ಬಂದಿದ್ದಳು. ಅಪೊಲೋನಿಯಾಳ ಗಂಡ ರೊಸಾರಿಯೊನ ಅಣ್ಣ ವ್ಯಾಲೆಂಟೈನ್ ಕೀನ್ಯಾದಲ್ಲಿ ಕೈಹಿಡಿದ ಹೆಂಗಸು ಆಕೆ. ಈಗ ಅವನ ವಿಧವೆ. ಒಂದು ಚೀಲ, ಹರಿದ ಚಪ್ಪಲಿ, ಗಂಡ ಕಲಿಸಿದ ಕೊಂಕಣಿ, ಇಷ್ಟೇ ಅವಳ ಆಸ್ತಿ.

"ಅವರು ಹೋದ ಮೇಲೆ ನನಗೆ ಸೂರಿಲ್ಲ. ಮೈದುನನನ್ನು ಕಾಣದೆ ಬೇರೆ ದಾರಿಯೂ ಇಲ್ಲ," ಎಂದಿದ್ದಳು.

ಸೂರು! ಅಪೊಲೋನಿಯಾಳಿಗೆ ಕೇಳಿಸಿದ್ದು ಅದೊಂದೇ. ಅದು ಎಪ್ಪತ್ತಾರನೇ ಇಸವಿ. ಉಳುವವನೇ ಒಡೆಯ ಎಂಬ ಕಾನೂನು ಬಂದು, ಗೇಣಿದಾರರೆಲ್ಲ ಡಿಕ್ಲರೇಷನ್ ಎಂಬ ಅರ್ಜಿ ಹಾಕಿ ಜಾಗ ತಮ್ಮದಾಗಿಸಿಕೊಳ್ಳುತ್ತಿದ್ದ ಕಾಲ.

"ಇವತ್ತು ಅಂಗಳ ಗುಡಿಸ್ತಾಳೆ, ನಾಳೆ ತೆಂಗಿಗೆ ನೀರು ಹಾಕ್ತಾಳೆ, ನಾಡಿದ್ದು ಡಿಕ್ಲರೇಷನ್ ಹಾಕ್ತಾಳೆ," ಎಂದು ಗಂಡನ ಕಿವಿ ಕಚ್ಚಿದಳು.

ಹಾಗಾಗಿ ವಂಬುಯಿಗೆ ರಾಣಿಯ ಉಪಚಾರ. ಬಾವಿಯ ಹಗ್ಗ ಮುಟ್ಟುವಂತಿಲ್ಲ. ತಿಂದ ಬಟ್ಟಲು ತೊಳೆಯುವಂತಿಲ್ಲ. ಮಲ್ಲಿಗೆ ಗಿಡದ ಒಣ ಎಲೆಯೊಂದನ್ನು ಕಿತ್ತಾಗ, ರೊಸಾರಿಯೊ ಅದನ್ನು ವಿನಯದಿಂದ ಇಸಿದುಕೊಂಡು ಮತ್ತೆ ಗಿಡಕ್ಕೇ ಸಿಕ್ಕಿಸಿ ಬಂದ. ಅವಳು ಕೂತ ಕುರ್ಚಿಯನ್ನು ಆಗಾಗ ಜರುಗಿಸಿದರು. ಒಂದೇ ಕಡೆ ಕೂತು ಸ್ವಾಧೀನ ಸಾಬೀತಾಗಬಾರದಲ್ಲ!

ಮಧ್ಯಾಹ್ನ ಉಡುಪಿಯಿಂದ ವಕೀಲ ತಾರಾನಾಥರು ಬಂದರು.

"ಗಂಡನ ಪಾಲು ಅಂತ ಇವರು ಇಲ್ಲಿ ಎಂತದೂ ಕೇಳಬಾರದು. ಹಾಗೆ ಬರೆಯಿರಿ," ಎಂದಳು ಅಪೊಲೋನಿಯಾ.

"ಒಂದೇ ಕಡೆಯವರಿಂದ ಹಕ್ಕು ಬಿಡಿಸಿಕೊಂಡರೆ ನಾಳೆ ಹೆದರಿಸಿ ಬರೆಸಿದ್ದು ಅಂತಾರೆ," ವಕೀಲರು ಕನ್ನಡಕ ಒರೆಸಿದರು. "ಅಣ್ಣನದ್ದು ಯಾವುದೂ ತಮ್ಮನಿಗೂ ಬೇಡ ಅಂತ ಸೇರಿಸುವ. ಆಗ ಗಟ್ಟಿ."

"ಸೇರಿಸಿ, ಸೇರಿಸಿ. ಇವರ ಹತ್ತಿರ ಎಂತ ಉಂಟು, ಆ ಚಪ್ಪಲಿಯಾ?"

ವಂಬುಯಿ ಪೆನ್ನು ಹಿಡಿದಳು. ಆಮೇಲೆ ರೊಸಾರಿಯೊನ ಮುಖ ನೋಡಿದಳು. "ನಿಮ್ಮ ಅಣ್ಣನದ್ದು. ನಿಜವಾಗಿ ಬೇಡವಾ?"

"ಬೇಡ ಅಂದರೆ ಬೇಡ! ಬೇಕಾದರೆ ಶಿಲುಬೆ ಮುಟ್ಟಿ ಹೇಳ್ತಾರೆ," ಎಂದಳು ಅಪೊಲೋನಿಯಾ. ರೊಸಾರಿಯೊ ಮುಟ್ಟಿಯೇ ಹೇಳಿದ.

ಇಬ್ಬರೂ ಸಹಿ ಹಾಕಿದರು. ವಂಬುಯಿ ಬಿಕ್ಕಿ ಬಿಕ್ಕಿ ಅತ್ತಳು. ಅಪೊಲೋನಿಯಾಳಿಗೂ ಕರುಳು ಚುರುಕ್ಕೆಂದಿತು. ಹಲಸಿನ ಹಪ್ಪಳದ ಕಟ್ಟು ಕೊಟ್ಟಳು, ಟ್ಯಾಕ್ಸಿ ಮಾಡಿಸಿದಳು, ಮುಂದೆ ತಕರಾರು ಬೇಡವೆಂದು ಕರಾರಿನ ಒಂದು ಪ್ರತಿಯನ್ನು ತಾನೇ ಅವಳ ಚೀಲಕ್ಕೆ ತುರುಕಿದಳು.

ಗಂಡನ ತಮ್ಮ ಬೇಡವೆಂದು ಬರೆದುಕೊಟ್ಟರೆ ಮಾತ್ರ ಆಸ್ತಿ ಹೆಂಡತಿಗೆ ಎಂದು ಕೀನ್ಯಾದ ಅಧಿಕಾರಿಗಳು ಬೀಗ ಜಡಿದಿದ್ದ ವ್ಯಾಲೆಂಟೈನನ ಮೂರಂತಸ್ತಿನ ಹೋಟೆಲನ್ನು, ಮರುತಿಂಗಳು ವಂಬುಯಿ ತೆರೆದಳು.