ಬಲಮಗ್ಗುಲಿನ ಗುಟ್ಟು

ಪಿಸ್ತೂಲಿನ ಕಥೆ ಹೇಳಲು ನನಗೇನೂ ಅರ್ಹತೆ ಇಲ್ಲ. ದೀಪಾವಳಿಯಲ್ಲಿ ಪಟಾಕಿಯ ಬತ್ತಿಗೆ ಕಿಡಿ ತಾಗಿಸಲೂ ಅಂಜುವವ ನಾನು. ಕೇಳಿದ್ದನ್ನು ಕೇಳಿದ ಹಾಗೆ ಬರೆದಿದ್ದೇನೆ. ತಿಳಿದವರಿಗೆ ತಪ್ಪು ಕಂಡರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

೧೯೭೪ರ ದಸರೆಯ ಮಧ್ಯಾಹ್ನ. ಸಂಶಿ ಹತ್ತಿರದ ಒಂದು ಹಳ್ಳಿ. ಪಂಢರಿನಾಥ ಮಾಸ್ತರ, ದರ್ಜಿಯ ಮುಂದೆ ಅಳತೆ ಕೊಡುವವನಂತೆ ಎರಡೂ ಕೈ ಎತ್ತಿ ಪಡಸಾಲೆಯಲ್ಲಿ ನಿಂತಿದ್ದ. ಮಿಲಿಟರಿಯಿಂದ ನಿವೃತ್ತನಾದ ಹವಾಲ್ದಾರ ಭರಮಪ್ಪ ಅವನ ನಡುವಿಗೆ ಚರ್ಮದ ಪಟ್ಟಿ ಬಿಗಿಯುತ್ತಿದ್ದ. ಪಟ್ಟಿಗೊಂದು ಒರೆ, ಒರೆಯಲ್ಲಿ ಇಡಲು ಒಂದು ರಿವಾಲ್ವರ್. ಕಾಕಾ ತೀರಿಕೊಂಡ ಮೇಲೆ ಅದರ ಲೈಸೆನ್ಸು ಪಂಢರಿನಾಥನ ಹೆಸರಿಗೆ ಬಂದಿತ್ತು. ಅದರ ಬೆನ್ನಿಗೇ ಮನೆತನದ ನೇಮವೂ ಬಂದಿತ್ತು: ಮನೆಯ ಆಯುಧ ದಸರೆಯ ದಿನ ಸೀಮೆ ದಾಟಿ ಬನ್ನಿಗಿಡ ಕಂಡು ಬರಬೇಕು.

“ಕೋಟಿನ ಒಳಗ ಇರಲಿ, ಯಾರಿಗೂ ಕಾಣಬಾರದು,” ಎಂದರು ಕಾಕಾನ ಹೆಂಡತಿ, ಕಾಕು ಅನ್ನಪೂರ್ಣಾಬಾಯಿ. “ನಲವತ್ತು ವರ್ಷ ನಿಮ್ಮ ಕಾಕಾ ಒಯ್ದು ತಂದ್ರು, ಒಂದು ನರಪಿಳ್ಳೆಗೂ ಗೊತ್ತಾಗಲಿಲ್ಲ. ಗೊತ್ತಾದ್ರ ಯಾರು ಅಪ್ಪಿಕೋತಾರೋ? ದೂರ ನಿಂತು ಬನ್ನಿ ಕೊಟ್ಟು ಹೋಗ್ತಾರ ಅಂತಿದ್ರು. ಅಂಥಾ ದಸರಾ ನಮ್ಮ ಮನಿಗೆ ಬ್ಯಾಡಪಾ.”

ಪಂಢರಿನಾಥನಿಗೆ ಅದೇ ಚಿಂತೆ. ನಲವತ್ತು ವರ್ಷದ ಗುಟ್ಟು ತನ್ನ ಕೈಯಲ್ಲಿ ಮೊದಲ ದಿನವೇ ಒಡೆದರೆ?

“ಆರೂ ಗುಂಡು ತಗದು ಟ್ರಂಕಿನ್ಯಾಗ ಕೀಲಿ ಹಾಕೇನ್ರಿ,” ಎಂದ ಭರಮಪ್ಪ. “ಆದ್ರ ನನ್ನ ಮಾತು ನಂಬಬ್ಯಾಡ್ರಿ. ನೀವ ತಗದು ನೋಡ್ರಿ.”

ಮಾಸ್ತರ ನೋಡಿದ. ಮತ್ತೊಮ್ಮೆ ನೋಡಿದ. ಮೂರನೆಯ ಸಲಕ್ಕೆ ಭರಮಪ್ಪನೇ ಕಸಿದುಕೊಂಡು ಒರೆಗೆ ಸೇರಿಸಿದ. ಪಟ್ಟಿಯ ಎಡಭಾಗದಲ್ಲಿ ಚರ್ಮ ಸವೆದು ನುಣುಪಾಗಿತ್ತು. ಅದನ್ನು ಗಮನಿಸದೆ ಭರಮಪ್ಪ ಒರೆಯನ್ನು ಬಲಕ್ಕೆ ಸರಿಸಿ, “ಬಲಗೈ ಮನಶಾಗ ಬಲಕ. ಮಿಲಿಟ್ರಿ ಕಾಯ್ದೆ,” ಎಂದ.

“ಧೋತ್ರದ ಗಂಟಿನ್ಯಾಗ ಸಿಗಿಸಿದ್ರ ಆಗೂದಿಲ್ಲೇನು?”

“ಬಗ್ಗಿ ನಮಸ್ಕಾರ ಮಾಡೂಮುಂದ ಊರ ಮಂದಿ ಎದುರಿಗಿ ಎರಡೂ ಕೂಡೇ ಇಳೀತಾವ್ರಿ.” ಕಾಕು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಭರಮಪ್ಪ ಮುಂದುವರಿಸಿದ: “ಇನ್ನೊಂದು. ಪಿಸ್ತೂಲ ಐತಿ ಅಂತ ಮೊದಲ ಹೇಳೂದು ಬಾಯಿ ಅಲ್ರಿ, ಕೈ. ಹಲ್ಲು ನೋಯಾಂವನ ನಾಲಿಗಿ ಹಂಗ ಅದು ಅತ್ತಾಗ ಓಡ್ತಿರ್ತೈತಿ. ಹೋಗಗೊಡಬ್ಯಾಡ್ರಿ. ಒಂದ ಮಗ್ಗಲಿಗಿ ವಾಲಬ್ಯಾಡ್ರಿ. ನಕ್ಕೋತ ಇರ್ರಿ.”

ಇಳಿಹೊತ್ತಿಗೆ ಬನ್ನಿಗಿಡದ ಸುತ್ತ ಊರಿಗೆ ಊರೇ ನೆರೆದಿತ್ತು. ಹೊಸ ಪಟಕ, ಹೊಸ ಸೀರೆ, ಎಲ್ಲರ ಕೈಯಲ್ಲೂ ಬನ್ನಿ ಎಲೆ. ಪಂಢರಿನಾಥ ಅಡ್ಡಬಿದ್ದು ಎದ್ದ, ಏನೂ ಇಳಿಯಲಿಲ್ಲ. ಕೈ ಅತ್ತ ಓಡದಿರಲೆಂದು ಎರಡೂ ಮುಷ್ಟಿಯಲ್ಲಿ ಎಲೆ ತುಂಬಿಕೊಂಡ. ನಗತೊಡಗಿದ.

ಮೊದಲು ಬಂದವ ಕುರಿ ಕಾಯುವ ಹುಚ್ಚಪ್ಪ, ಆಳು ಆನೆಯಂಥವ. “ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ ಮಾಸ್ತರ!” ಎಂದು ತೆಕ್ಕೆಗೆ ಎಳೆದುಕೊಂಡ. ನೆಟ್ಟಗೆ ಬಲಮಗ್ಗುಲಿಗೇ ಬಂದು ಒತ್ತಿದ. ಮಾಸ್ತರ ಮುಷ್ಟಿ ಇನ್ನಷ್ಟು ಬಿಗಿದ. ಹುಚ್ಚಪ್ಪ ಸೊಂಟ ತಿಕ್ಕಿಕೊಳ್ಳುತ್ತ ಅವನನ್ನೊಮ್ಮೆ ನೋಡಿ ಹೋದ. ಆಮೇಲೆ ಕಂಬಾರ ಮಾಬುಸಾಬ, ಅವನೂ ಬಲಕ್ಕೇ. ಪಂಢರಿನಾಥ ಮೈ ತಿರುಗಿಸಿ ಎಡಮಗ್ಗುಲು ಮುಂದೆ ಮಾಡಿದ. ಮುಂದಿನವ ಸುತ್ತು ಹಾಕಿ ಬಂದು ಬಲಕ್ಕೇ ಬಿದ್ದ! ಹತ್ತು ಮಂದಿಯಲ್ಲಿ ಒಬ್ಬನೂ ತಪ್ಪಿಯೂ ಎಡಕ್ಕೆ ಬರಲಿಲ್ಲ. ಮಾಸ್ತರ ನಗುತ್ತಲೇ ಇದ್ದ, ಬೆವರುತ್ತಲೂ ಇದ್ದ.

ಹನ್ನೊಂದನೆಯವ ಐವತ್ತು ದಾಟಿದ ರೈತ ಗೂಳಪ್ಪ. ತೆಕ್ಕೆಗೆ ಬಿದ್ದವನೇ, “ಅಯ್ಯಯ್ಯಪ್ಪಾ!” ಎಂದು ಹಿಂದೆ ಜಿಗಿದ.

“ಏನ್ರಿ ಮಾಸ್ತರ, ಬಲಕ ಇಟ್ಕೊಂಡು ಬಂದೀರಿ?”

“ಏ... ಏನು?”

“ಪಿಸ್ತೂಲ್ರೀ. ನಿಮ್ಮ ಕಾಕಾ, ರಾಯರು, ಎಡಚರಲ್ರಿ? ಎಡಕ ಇಡತಿದ್ರು. ಸಣ್ಣಾಂವಿದ್ದಾಗನ ನಮ್ಮಪ್ಪ ಹೇಳಿದ್ದ, ‘ರಾಯರಿಗಿ ತೆಕ್ಕಿ ಬೀಳೂಮುಂದ ಬಲಕ ಸರೀಲೇ, ಎಡಕ ಅವರ ಪಿಸ್ತೂಲ ಇರತೈತಿ’ ಅಂತ. ಊರಿಗೆಲ್ಲ ಅದ ರೂಢಿ ಆಗೇತಿ.”

ಪಂಢರಿನಾಥನ ಮುಷ್ಟಿಯ ಎಲೆಗಳೆಲ್ಲ ಉದುರಿದವು. “ಎಲ್ಲಾರಿಗೂ ಗೊತ್ತಿತ್ತು? ಮತ್ತ ಅಂಜಿಕಿ ಬರ್ತಿದ್ದಿಲ್ಲೇನು?”

“ನಮಗ್ಯಾಕ್ರಿ ಅಂಜಿಕಿ? ಅಂಜತಿದ್ದವರು ರಾಯರು, ಪಾಪ. ಎಲ್ಲಿ ನಮಗ ಗೊತ್ತಾದೀತೋ ಅಂತ.”

ಗೂಳಪ್ಪ ಮಂದಿಯ ಕಡೆ ತಿರುಗಿ ಬಾಯಿಗೆ ಕೈ ಹಿಡಿದು ಕೂಗಿದ: “ಏ, ಕೇಳ್ರಪೋ! ಈ ವರ್ಷದಿಂದ ಎಡಕ ಸರೀರಿ! ಮಾಸ್ತರ ಬಲಗೈಯಾಂವ!”

“ಅದಕ್ಕ ಮತ್ತ ನನ್ನ ಸೊಂಟ ಮುರದದ್ದು!” ಎಂದ ಹುಚ್ಚಪ್ಪ ದೂರದಿಂದ. ಗಿಡದ ಸುತ್ತ ನಗೆ ಎದ್ದಿತು. ಬನ್ನಿ ಹಿಡಿದು ನಿಂತ ಸಾಲು ಕವಾಯತಿನಂತೆ ಒಟ್ಟಿಗೇ ಒಂದು ಹೆಜ್ಜೆ ಆಚೆ ಸರಿಯಿತು, ಒಬ್ಬೊಬ್ಬರಾಗಿ ಬಂದು ಮಾಸ್ತರನನ್ನು ಎಡದಿಂದ ಅಪ್ಪಿಕೊಂಡಿತು. ಅವನಿಗೆ ಮೊದಲ ಬಾರಿ ನಿಜವಾಗಿ ನಗು ಬಂತು. ಅಪ್ಪಿಕೊಂಡವರನ್ನು ಬಿಡದೆ ನಕ್ಕ.

ಹೊಸ್ತಿಲಲ್ಲಿ ಆರತಿ ಹಿಡಿದು ನಿಂತ ಕಾಕು ಕೇಳಿದರು: “ಯಾರಿಗೂ ಗೊತ್ತಾಗಲಿಲ್ಲ ಹೌದಲ್ಲೋ?”

“ಇಲ್ಲ ಕಾಕು, ಒಂದು ನರಪಿಳ್ಳೆಗೂ.”

ನಲವತ್ತು ದಸರೆ ತನ್ನ ಎಡಮಗ್ಗುಲಿಗೆ ಒಬ್ಬನೂ ತಾಗಲಿಲ್ಲವೆಂಬುದು ಕಾಕಾನಿಗೆ ಎಂದಾದರೂ ಹೊಳೆದಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.