ಕೊನೆಗೆ ಮುಟ್ಟಿದವಳು

ಊರಿಗೆ ನೀರು ಬಿಡುವ ಕಂಪ್ಯೂಟರ್ ಪ್ರೋಗ್ರಾಮನ್ನು ದಿನಾ ಬೆಳಿಗ್ಗೆ ಹೊಸದಾಗಿ ಬಿಲ್ಡ್ ಮಾಡಿ, ಅಂದರೆ ಕೋಡನ್ನೆಲ್ಲ ಜೋಡಿಸಿ, ಓಡಿಸುತ್ತಿದ್ದರು. ಬಿಲ್ಡ್ ಕೆಟ್ಟರೆ ಯಂತ್ರವೇ ದೂರು ಬರೆದು, ಕೋಡನ್ನು ಕೊನೆಗೆ ಮುಟ್ಟಿದವರ ಹೆಸರು ಹಚ್ಚಿ, ಓಣಿ ಓಣಿಯ ಮೈಕಿನಲ್ಲಿ ಕೂಗುತ್ತಿತ್ತು. ಮೂರನೇ ದೂರಿಗೆ ನೌಕರಿ ಹೋಗುತ್ತಿತ್ತು. ಆ ಹೆದರಿಕೆಗೆ, ಕೆಳಗಿನ ಓಣಿಗೆ ನೀರು ತಡೆದಿದ್ದ ಕೋಡಿನ ಒಂದು ಸಾಲನ್ನು ವರ್ಷಾನುಗಟ್ಟಲೆ ಯಾರೂ ಮುಟ್ಟಿರಲಿಲ್ಲ.

ನಿಂಗವ್ವ ಮುಟ್ಟಿದ್ದಳು. ಎರಡು ಸಲ ಬಿಲ್ಡ್ ಕೆಟ್ಟು, ಎರಡು ಸಲವೂ ಅವಳ ಹೆಸರು ಊರೆಲ್ಲ ಮೊಳಗಿತ್ತು. ಇವತ್ತು ಆ ಸಾಲನ್ನೇ ಅಳಿಸಿ ಕೂತಿದ್ದಳು.

“ಬ್ಯಾಡವಾ ನಿಂಗವ್ವ, ಇನ್ನೊಂದು ದೂರು ಬಂದ್ರ ಸೀದಾ ಮನಿಗೆ ಕಳಸ್ತಾರ,” ಎಂದ ಪಕ್ಕದ ಕುರ್ಚಿಯ ಚಂದ್ರಾಮ.

“ಕಳಸ್ಲಿ ಬಿಡಣ್ಣಾ. ನಮ್ಮನಿ ಇರೂದು ಕೆಳಗಿನ ಓಣ್ಯಾಗ. ನಾ ಹೋಗೂದ್ರಾಗ ನೀರರ ಬಂದಿರ್ಲಿ.”

ಗುಂಡಿ ಒತ್ತಿದಳು. ಸ್ವಲ್ಪ ಹೊತ್ತಿಗೆ ಕಿಟಕಿಯಾಚೆ ಮೈಕು ಗೊರಗುಟ್ಟಿತು.

“ದೋಷ: ಕೆಳಗಿನ ಓಣಿಗೆ ನೀರು ಹೋಗಿದೆ. ಹೊಣೆ: ನಿಂಗವ್ವ ತಳವಾರ.”

ಚಂದ್ರಾಮ ಹಣೆ ಚಚ್ಚಿಕೊಂಡ. ನಿಂಗವ್ವ ಚೀಲ ಹೆಗಲಿಗೇರಿಸಿ ಎದ್ದಳು.

“ಇನ್ನೊಮ್ಮೆ ಜೋರಾಗಿ ಒದರಾಕ ಹೇಳಣ್ಣಾ. ನಮ್ಮವ್ವಗ ಕಿವಿ ಮಂದ. ಕೊಡ ಹಿಡಕೊಂಡು ಹೊರಗ ಬರಬೇಕಲ್ಲ.”