ಸೌಟಿನ ಮೂರು ಏಟು

“ಪ್ರಾರ್ಥನೆ ಗೀರ್ಥನೆ ನಾನು ಹೇಳಲ್ಲ, ಎಲ್ಸ್‌ಪೆತ್. ನಂಬಿಕೆ ಇಲ್ಲದ ಮೇಲೆ ನಾಟಕ ಯಾಕೆ?” ಅತಿಥಿ ಮೆಟ್ಟಿಲು ಹತ್ತುವ ಸದ್ದು ಕೇಳುತ್ತಿದ್ದರೂ ಲೌಡರ್ ಪಟ್ಟು ಸಡಿಲಿಸಲಿಲ್ಲ.

“ಹೇಳದಿದ್ರೆ ಕೆಲಸ ಇಲ್ಲ. ಕೆಲಸ ಇಲ್ದಿದ್ರೆ ಈ ಮನೆ ಇಲ್ಲ. ಈ ವಯಸ್ಸಲ್ಲಿ ನಾನು ಯಾರ ಮನೆ ಒಲೆ ಊದ್ಲಿ, ಯಜಮಾನ್ರೆ?” ಎಂದಳು ಅಡುಗೆಯ ಮುದುಕಿ.

ಅವಳು ಹೇಳಿದ್ದು ಸುಳ್ಳಲ್ಲ. ಎಡಿನ್‌ಬರೊದಲ್ಲಿ ತತ್ವಶಾಸ್ತ್ರದ ಮೇಷ್ಟ್ರ ಹುದ್ದೆಯೊಂದು ಖಾಲಿಯಿತ್ತು. ಲೌಡರನಿಗೆ ಅದು ಸಿಗುವುದರಲ್ಲಿತ್ತು, ಅಷ್ಟರಲ್ಲಿ ಅವನ ಪುಸ್ತಕವೇ ಅಡ್ಡ ಬಂತು. ಮನುಷ್ಯನನ್ನು ನಡೆಸುವುದು ಬುದ್ಧಿಯಲ್ಲ, ರೂಢಿ; ಮೂಗುದಾರ ಇರುವುದು ಅದರ ಕೈಯಲ್ಲಿ ಎಂದು ಬರೆದುಬಿಟ್ಟಿದ್ದ. ಇಂಥವನಿಗೆ ದೇವರಲ್ಲಿ ನಂಬಿಕೆ ಇದೆಯೋ ಇಲ್ಲವೋ ನೋಡಲು ಚರ್ಚಿನ ಹಿರಿಯರಾದ ಮುಂಗೊ ಹೆರಿಯಟ್ಟರು ಸರಿಯಾಗಿ ಮಧ್ಯಾಹ್ನದ ಊಟದ ಹೊತ್ತಿಗೇ ಬಂದರು. ಪರೀಕ್ಷೆಯ ಜೊತೆಗೆ ಕುರಿಮಾಂಸವೂ ಆಗುತ್ತದಲ್ಲ.

ಹಿರಿಯರು ಕೂತು, ವಿಗ್ಗು ಸರಿಮಾಡಿಕೊಂಡು, ಊಟಕ್ಕೆ ಮುಂಚಿನ ಪ್ರಾರ್ಥನೆಗಾಗಿ ಲೌಡರನ ಮುಖವನ್ನೇ ನೋಡಿದರು. ಲೌಡರ್ ತುಟಿ ಬಿಗಿದು ಕೂತ. ತನ್ನ ಬಗ್ಗೆ ತನಗೇ ಸ್ವಲ್ಪ ಹೆಮ್ಮೆಯಾಯಿತು.

ಆಗ ಎಲ್ಸ್‌ಪೆತ್ ಸೌಟನ್ನು ಪಾತ್ರೆಯ ಅಂಚಿಗೆ ಮೂರು ಸಲ ಬಡಿದಳು.

ಲೌಡರನ ತಾಯಿ ಇರುವ ತನಕ ಆ ಮನೆಯಲ್ಲಿ ಊಟದ ಪ್ರಾರ್ಥನೆ ಶುರುವಾಗುತ್ತಿದ್ದುದೇ ಹಾಗೆ. ಹತ್ತು ವರ್ಷದಿಂದ ಆ ಸದ್ದು ಕೇಳಿರಲಿಲ್ಲ. ಅವನ ಕೈಗಳು ತಾವಾಗಿಯೇ ಒಂದಾದವು, ತಲೆ ಬಾಗಿತು, ನಾಲಿಗೆ ಒಂದಕ್ಷರ ತಪ್ಪದೆ ಎಲ್ಲವನ್ನೂ ಒಪ್ಪಿಸಿತು. ಆಮೆನ್ ಎಂದ ಮೇಲೆಯೇ ಅವನಿಗೆ ಎಚ್ಚರವಾದದ್ದು.

“ಹುದ್ದೆ ನಿಮ್ಮದೇ ಅಂತ ತಿಳ್ಕೊಳ್ಳಿ,” ಎಂದರು ಹೆರಿಯಟ್ಟರು, ಮೂಳೆಗೆ ಕೈ ಹಾಕುತ್ತ.

ಲೌಡರನಿಗೆ ಮೈಯೆಲ್ಲ ಉರಿಯಿತು. “ಇಲ್ಲ ಹಿರಿಯರೇ, ನಿಮಗೆ ಮೋಸ ಮಾಡೋಕೆ ನನಗಿಷ್ಟ ಇಲ್ಲ. ಈಗ ಹೇಳಿದ್ದು ಭಕ್ತಿಯಿಂದಲ್ಲ. ಬರೀ ರೂಢಿ.”

ಎಲ್ಸ್‌ಪೆತ್ ಹಣೆ ಚಚ್ಚಿಕೊಂಡಳು.

ಹೆರಿಯಟ್ಟರು ನಿಧಾನವಾಗಿ ಅಗಿದು ನುಂಗಿದರು. “ಐವತ್ತು ವರ್ಷದಿಂದ ನಾನು ಚರ್ಚಲ್ಲಿ ಇನ್ನೇನು ಮಾಡ್ತಿದೀನಿ ಅಂದ್ಕೊಂಡಿದೀರಿ? ಅದನ್ನ ಬರೀಬೇಡಿ, ಅಷ್ಟೆ. ಇನ್ನೊಂದು ಸೌಟು ಸಾರು ಹಾಕಮ್ಮ.”

ಎಲ್ಸ್‌ಪೆತ್ ಸಾರು ಬಡಿಸಿ, ಸೌಟಿಗೆ ಅಂಟಿದ್ದ ಬಾರ್ಲಿ ಉದುರಿಸಲು ಪಾತ್ರೆಗೆ ಬಡಿದಳು. ಲೌಡರನ ಕೈಗಳು ಮತ್ತೆ ಒಂದಾದವು. ಅದನ್ನು ಕಂಡು, ಬಾಯಲ್ಲಿ ಮೂಳೆ ಕಚ್ಚಿಕೊಂಡೇ, ಹಿರಿಯರೂ ಕಣ್ಣು ಮುಚ್ಚಿದರು.